ಗಾಡಿ ತೊಳೆಯುವ ಹೊತ್ತು

ನಮ್ಮ ಆಂಬುಲೆನ್ಸ್ ಗಾಡಿಯ ಔಷಧಿ ಪೆಟ್ಟಿಗೆಯಲ್ಲಿ ಎರಡು ಚಿಕ್ಕ ಗಾಜಿನ ಸೀಸೆಗಳು ಅಕ್ಕಪಕ್ಕ ಇರುತ್ತವೆ. ಒಂದು ಅಡ್ರಿನಾಲಿನ್. 1 ಮಿಲಿಯ ಆಂಪೂಲ್, ಅದರಲ್ಲಿ 1 ಮಿಲಿಗ್ರಾಂ ಔಷಧಿ. ಇನ್ನೊಂದು ಹೈಡ್ರೋಕಾರ್ಟಿಸೋನ್. 100 ಮಿಲಿಗ್ರಾಂ ಬಿಳಿ ಪುಡಿ, ನೀರು ಬೆರೆಸಿ ಕೊಡಬೇಕು. ಹೃದಯ ನಿಂತವರಿಗೆ ಮೊದಲನೆಯದು. ಉಬ್ಬಸ ಜಾಸ್ತಿಯಾಗಿ ಉಸಿರು ಸಿಗದವರಿಗೆ ಎರಡನೆಯದು. ಪ್ರತಿ ಪಾಳಿ ಶುರುವಾದಾಗ ಇವುಗಳನ್ನು ಎಣಿಸಿ, ತಾರೀಕು ನೋಡಿ, ವಹಿಯಲ್ಲಿ ಬರೆಯುತ್ತೇನೆ. 11 ವರ್ಷದಿಂದ ಎಣಿಸುತ್ತಿದ್ದೇನೆ.

ಈ ಎರಡೂ ನನ್ನ ಮೈಯೊಳಗೂ ತಯಾರಾಗುತ್ತವೆ ಅಂತ ನರ್ಸಿಂಗ್ ಓದುವಾಗಲೇ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಆದರೆ ಅದು ನನ್ನದೇ ವಿಷಯ ಅಂತ ಅನ್ನಿಸಿದ್ದು ಎರಡು ವರ್ಷದ ಈಚೆಗೆ.

ನಾನು ಕೊಪ್ಪಳ ಜಿಲ್ಲೆಯಲ್ಲಿ 108 ಗಾಡಿಯ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ಸಿಬ್ಬಂದಿ. ಗಾಡಿಯ ಹಿಂದೆ ರೋಗಿಯ ಪಕ್ಕ ಕೂರುವವಳು ನಾನು. ಮುಂದೆ ಓಡಿಸುವವರನ್ನು ಪೈಲಟ್ ಅನ್ನುತ್ತೇವೆ. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ನಾನು ಸೇರುವ ಹೊತ್ತಿಗೆ ನಮ್ಮ ಕಡೆಯ ಮಂದಿಗೆ ಆ ನಂಬರ್ ಬಾಯಿಪಾಠ ಆಗಿತ್ತು. ನಮ್ಮದು ರಾಷ್ಟ್ರೀಯ ಹೆದ್ದಾರಿ 50. ಚಿತ್ರದುರ್ಗದಿಂದ ಹೊಸಪೇಟೆ, ಕುಷ್ಟಗಿ, ಇಳಕಲ್ ಮೇಲೆ ವಿಜಯಪುರಕ್ಕೆ ಹೋಗುವ ರಸ್ತೆ. ರಾತ್ರಿಯೆಲ್ಲ ಲಾರಿ. ಬೆಂಗಳೂರಿಗೆ ಗುಳೆ ಹೋಗುವವರ ಬಸ್ಸು. ಬೆಳಗಾದರೆ ಟಂಟಂ, ಟ್ರ್ಯಾಕ್ಟರ್, ಕುರಿ ಹಿಂಡು. ಎಲ್ಲ ಒಂದೇ ರಸ್ತೆಯ ಮೇಲೆ.

ಎರಡು ವರ್ಷದ ಹಿಂದಿನ ಮಾತು. ಹತ್ತಿ ಬಿಡಿಸುವ ಕಾಲ. ಬೆಳಗ್ಗೆ ಏಳಕ್ಕೆ ಇನ್ನೂ ಚಳಿ ಇತ್ತು. ಕೂಲಿ ಹೆಣ್ಣುಮಕ್ಕಳನ್ನು ಕರ್ಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರ್ ಟ್ರಾಲಿ ರಸ್ತೆ ಪಕ್ಕದ ತಗ್ಗಿಗೆ ಮಗುಚಿತ್ತು. ನಾವು ಹೋದಾಗ ಬೇರೆ ಗಾಡಿ ಇನ್ನೂ ಬಂದಿರಲಿಲ್ಲ. ಸುತ್ತ ಹೊಲದವರು ಓಡಿ ಬಂದು ಟ್ರಾಲಿಯನ್ನು ಎತ್ತಿ ಹಿಡಿದಿದ್ದರು. ಯಾರ ಬುತ್ತಿಯೋ ಬಿಚ್ಚಿಕೊಂಡು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಎಲ್ಲ ಮಣ್ಣಿನಲ್ಲಿ ಚೆಲ್ಲಿತ್ತು.

ಇಂಥ ಕಡೆ ಮೊದಲು ಯಾರು ಅಳುತ್ತಾರೋ ಅವರನ್ನು ನೋಡಬಾರದು. ಯಾರು ಸುಮ್ನೆ ಇದ್ದಾರೋ ಅವರನ್ನು ನೋಡಬೇಕು. ಸುಮ್ನೆ ಮಲಗಿದ್ದವರು ಇಬ್ಬರು. ಒಬ್ಬಳು ಹನ್ನೆರಡು ಹದಿಮೂರರ ಹುಡುಗಿ. ಇನ್ನೊಬ್ಬರು ಮಧ್ಯವಯಸ್ಸಿನ ಹೆಂಗಸು. ಹುಡುಗಿಯ ಕುತ್ತಿಗೆ ಹತ್ತಿರ ಬೆರಳಿಟ್ಟೆ. ನಾಡಿ ಇರಲಿಲ್ಲ. ಉಸಿರಾಟದ ದಾರಿ ತೆರೆದು ನೋಡಿದೆ, ಉಸಿರೂ ಇರಲಿಲ್ಲ. ಆ ಹೆಂಗಸಿಗೆ ಉಸಿರಿತ್ತು, ಆದರೆ ಗುಳುಗುಳು ಅನ್ನುತ್ತಿತ್ತು. ಒಬ್ಬಳೇ ಇದ್ದು ಹಲವರು ಬಿದ್ದಿರುವಾಗ ಏನು ಮಾಡಬೇಕು ಅಂತ ನಮಗೆ ಕಲಿಸಿದ್ದಾರೆ. ಉಸಿರಿರುವವರ ಕಡೆ ತಿರುಗಬೇಕು. ನಾನು ತಿರುಗಿದೆ. ಹುಡುಗಿಯ ಅವ್ವ ನನ್ನ ಸೆರಗು ಜಗ್ಗುವ ಹಾಗೆ ಏಪ್ರನ್ ಹಿಡಿದು, "ಮೊದ್ಲ ಆಕಿನ ನೋಡ್ರಿ, ಸಿಸ್ಟರ್, ಆಕಿ ಸಣ್ಣಾಕಿ" ಅಂತಿದ್ದರು. ನಾನು ಅವರ ಕೈ ಬಿಡಿಸಿಕೊಂಡೆ.

ಆ ಹೆಂಗಸು ಬದುಕಿದರು. ಸಕ್ಷನ್ ಹಾಕಿ ಗಂಟಲಲ್ಲಿ ಸೇರಿದ್ದನ್ನು ಹೀರಿ ತೆಗೆದು, ಕೊರಳಿಗೆ ಕಾಲರ್ ಕಟ್ಟಿ, ಆಕ್ಸಿಜನ್ ಕೊಟ್ಟು ಆಸ್ಪತ್ರೆಗೆ ಮುಟ್ಟಿಸಿದೆವು. ಹಾದಿಯಲ್ಲಿ ನನ್ನ ಕೈ ಒಂದು ಕೂದಲಷ್ಟೂ ಅಲುಗಲಿಲ್ಲ. ಓಡುವ ಗಾಡಿಯಲ್ಲಿ, ಬಿ.ಪಿ. ಬಿದ್ದವರ ಕೈಯಲ್ಲಿ, ಮೊದಲ ಸಲಕ್ಕೇ ನರ ಸಿಕ್ಕಿತು. ಕ್ಯಾಶುವಾಲ್ಟಿಯಲ್ಲಿ ಒಪ್ಪಿಸಿ ಹೊರಗೆ ಬಂದು ಫಾರ್ಮ್ ಬರೆಯೋಣ ಅಂತ ಪೆನ್ನು ಹಿಡಿದೆ. ಪೆನ್ನು ನಿಲ್ಲಲಿಲ್ಲ. ಎರಡೂ ಕೈ ಎಲೆಯ ಹಾಗೆ ನಡುಗುತ್ತಿದ್ದವು. ಹಲ್ಲು ಕಟಕಟ ಅನ್ನುತ್ತಿತ್ತು.

ಅಲ್ಲಿದ್ದ ಹಿರಿಯರೊಬ್ಬರು ನೋಡಿ, "ಇಷ್ಟು ಮೆತ್ತಗಿದ್ರ ಈ ಕೆಲಸಕ್ಕ ಯಾಕ ಬಂದೀ?" ಅಂದರು. ಅವರು ಯಾರು, ಎಲ್ಲಿಯವರು ಅಂತ ಹೇಳಲ್ಲ. ಕೆಟ್ಟ ಮನುಷ್ಯರೂ ಅಲ್ಲ. ಅವರಿಗೂ ಯಾರೋ ಹಾಗೇ ಅಂದಿದ್ದಿರಬೇಕು. ಆದರೆ ಆ ಮಾತು ಎಂಟು ತಿಂಗಳು ನನ್ನ ಜೊತೆ ಮನೆಗೆ ಬಂತು, ಡ್ಯೂಟಿಗೆ ಬಂತು, ಹಾಸಿಗೆಗೂ ಬಂತು.

ಅಂದು ನನಗೆ ಗೊತ್ತಿದ್ದರೆ ಅವರಿಗೆ ಹೀಗೆ ಹೇಳುತ್ತಿದ್ದೆ. ಅಣ್ಣಾ, ಕೈ ನಡುಗಿದ್ದು ನಾನು ಮೆತ್ತಗಿದ್ದೀನಿ ಅಂತ ಅಲ್ಲ. ಈ ಕೈಗಳೇ ಈಗಷ್ಟೇ ಆ ಹೆಂಗಸಿಗೆ ಸೂಜಿ ಹಾಕಿದವು. ಎರಡನ್ನೂ ಮಾಡಿಸಿದ್ದು ಒಂದೇ ಔಷಧಿ.

ಆ ಔಷಧಿ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಎರಡು ಗ್ರಂಥಿಗಳಿವೆ. ಅಡ್ರಿನಲ್ ಗ್ರಂಥಿ. ಒಂದೊಂದೂ ನಾಲ್ಕೈದು ಗ್ರಾಂ ತೂಗುತ್ತದೆ, ಅಷ್ಟೇ. ಒಳಗಿನ ತಿರುಳಿನಿಂದ ಅಡ್ರಿನಾಲಿನ್ ಬರುತ್ತದೆ. ಹೊರಗಿನ ಪದರದಿಂದ ಕಾರ್ಟಿಸಾಲ್ ಬರುತ್ತದೆ. ನಮ್ಮ ಪೆಟ್ಟಿಗೆಯಲ್ಲಿರುವ ಹೈಡ್ರೋಕಾರ್ಟಿಸೋನ್ ಅಂದರೆ ಇದೇ ಕಾರ್ಟಿಸಾಲ್. ಮೈಯಲ್ಲಿದ್ದಾಗ ಒಂದು ಹೆಸರು, ಸೀಸೆಯಲ್ಲಿದ್ದಾಗ ಇನ್ನೊಂದು ಹೆಸರು.

ಅಡ್ರಿನಾಲಿನ್ ಅವಸರದ್ದು. ಮಿದುಳಿನಿಂದ ನೇರ ನರದ ತಂತಿ ಇದೆ, ಸೆಕೆಂಡುಗಳಲ್ಲಿ ರಕ್ತಕ್ಕೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಸಕ್ಕರೆ ರಕ್ತಕ್ಕೆ ಬರುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನುವ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆಯೇ ಇದನ್ನು ವಿವರಿಸಿದ್ದರು. ಹೋರಾಡೋಕೆ ಅಥವಾ ಓಡೋಕೆ ಮೈ ತಯಾರಾಗುವ ರೀತಿ ಇದು. ಬಂದಷ್ಟೇ ಬೇಗ ಹೋಗುತ್ತದೆ ಕೂಡ. ರಕ್ತದಲ್ಲಿ ಅದರ ಆಯುಷ್ಯ ಎರಡು ಮೂರು ನಿಮಿಷ. ಹೃದಯ ನಿಂತವರಿಗೆ ನಾವು 3ರಿಂದ 5 ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಕೊಡೋದು ಅದಕ್ಕೇ. ಮಾಂಸಖಂಡಗಳನ್ನು ನಡುಗಿಸುವುದೂ ಅದೇ. ಕೈಗೆ ಕೆಲಸ ಇರುವಾಗ ಆ ನಡುಕ ನನಗೆ ಗೊತ್ತಾಗುವುದೇ ಇಲ್ಲ. ಕೆಲಸ ಬಿಟ್ಟ ಕೂಡಲೇ ಎದ್ದು ಕಾಣುತ್ತದೆ.

ಕಾರ್ಟಿಸಾಲ್ ನಿಧಾನದ್ದು. ಮಿದುಳಿನೊಳಗಿನ ಹೈಪೋಥಲಾಮಸ್ ಅದರ ಕೆಳಗಿನ ಪಿಟ್ಯುಟರಿಗೆ ಹೇಳಬೇಕು. ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್‌ಗೆ ಸುದ್ದಿ ಕಳಿಸಬೇಕು. ಹಾಗಾಗಿ ಅದು ತುದಿ ಮುಟ್ಟೋಕೆ 20ರಿಂದ 30 ನಿಮಿಷ ಬೇಕು. ನಮ್ಮ ಕೆಲಸದಲ್ಲಿ ಅಷ್ಟು ಹೊತ್ತಿಗೆ ಎಷ್ಟೋ ಸಲ ರೋಗಿಯನ್ನು ಒಪ್ಪಿಸಿ ಆಗಿರುತ್ತದೆ. ನಾವು ಗಾಡಿ ತೊಳೆಯುತ್ತಾ ಇರುತ್ತೇವೆ.

ಕಾರ್ಟಿಸಾಲ್ ಅಂದರೆ ಟೆನ್ಷನ್ ಹಾರ್ಮೋನು, ಕೆಟ್ಟದ್ದು, ಅದನ್ನು ಇಳಿಸಿಕೊಳ್ಳಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ ಅಲ್ವಾ? ನಾನೂ ಹಾಗೇ ತಿಳಿದಿದ್ದೆ. ವರ್ಷಗಟ್ಟಲೆ ಏರಿಯೇ ಇದ್ದರೆ ಕೆಟ್ಟದ್ದೇ. ಆದರೆ ಆಪತ್ತಿನ ಹೊತ್ತಲ್ಲಿ ಅದು ಮಾಡುವ ಒಂದು ದೊಡ್ಡ ಕೆಲಸ ಎಂದರೆ ನಿಲ್ಲಿಸೋದು. ಸಾಕು, ಅಪಾಯ ಮುಗೀತು, ಇನ್ನು ಇಳಿ ಅಂತ ಮಿದುಳಿಗೆ ತಿಳಿಸೋದು. ಅದು ಜಾಸ್ತಿಯಾದಾಗ ಅದನ್ನು ಕರೆಸಿದ ಹೈಪೋಥಲಾಮಸ್ಸೇ ಸುಮ್ಮನಾಗುತ್ತದೆ. ಗಾಡಿಗೆ ಬ್ರೇಕ್ ಇದ್ದ ಹಾಗೆ.

ಈಗ ಗುರೆಳ್ಳು ಚಟ್ನಿಗೆ ಬರುತ್ತೇನೆ.

ಆ ಘಟನೆಯಾಗಿ ವಾರದ ಮೇಲೆ ನಮ್ಮತ್ತೆ ಗುರೆಳ್ಳು ಹುರಿಯುತ್ತಿದ್ದರು. ನಮ್ಮ ಕಡೆ ಅದಿಲ್ಲದೆ ಊಟವೇ ಇಲ್ಲ. ಹುರಿದ ವಾಸನೆ ಮೂಗಿಗೆ ಬಿತ್ತು. ಅಷ್ಟೇ. ನಾನು ಅಡುಗೆಮನೆಯಲ್ಲಿ ಇರಲಿಲ್ಲ. ತಗ್ಗಿನಲ್ಲಿದ್ದೆ. ಬೆನ್ನಿಗೆ ಚಳಿ ಹತ್ತಿತು, ಎದೆ ಹಾರಿತು, ಏಪ್ರನ್ ಯಾರೋ ಜಗ್ಗಿದರು. ಹಿತ್ತಲಿಗೆ ಓಡಿಹೋಗಿ ಬಾವಿ ಕಟ್ಟೆ ಹಿಡಿದು ನಿಂತೆ. ಅತ್ತೆ ಹಿಂದೇ ಬಂದು, "ಯಾಕವ್ವಾ, ಹೊಗಿ ಆತೇನು?" ಅಂತ ಕೇಳಿದರು. ಹೂಂ ಅಂದೆ.

ಅಂದಿನಿಂದ ಆ ಚಟ್ನಿ ನನ್ನ ತಾಟಿಗೆ ಬರಲಿಲ್ಲ. ಯಾರ ಮನೆಯಲ್ಲೋ ಊಟಕ್ಕೆ ಕೂತರೆ ಮೊದಲು ಅದು ಇದೆಯಾ ಅಂತ ನೋಡುತ್ತಿದ್ದೆ. ಆಮೇಲೆ ಹತ್ತಿ ಹೊಲದ ದಾರಿ ಬಿಟ್ಟೆ. ಆಮೇಲೆ ಮಗಳ ವಯಸ್ಸಿನ ಹುಡುಗಿಯರನ್ನು ಟ್ರ್ಯಾಕ್ಟರ್ ಮೇಲೆ ನೋಡಿದರೆ ಮುಖ ತಿರುಗಿಸುತ್ತಿದ್ದೆ. ಹಗಲು ಪಾಳಿ ಮುಗಿಸಿ ಬಂದರೂ ರಾತ್ರಿ ಎರಡಕ್ಕೆ ಎಚ್ಚರ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತಿದ್ದೆ. ಕೆಲಸ ಮಾತ್ರ ಸರಿಯಾಗಿ ಮಾಡುತ್ತಿದ್ದೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ವಾಸನೆ ಯಾಕೆ ಹಾಗೆ ಅಂಟಿಕೊಂಡಿತು? ಇದಕ್ಕೂ ಅದೇ ಅಡ್ರಿನಾಲಿನ್ ಮತ್ತು ಅದರ ತಂಗಿ ನಾರ್‌ಅಡ್ರಿನಾಲಿನ್ ಕಾರಣ. ಜೇಮ್ಸ್ ಮೆಕ್‌ಗಾ ಅನ್ನುವ ಅಮೆರಿಕದ ವಿಜ್ಞಾನಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಮೈಯಲ್ಲಿ ಈ ಹಾರ್ಮೋನು ಏರಿದಾಗ ಮಿದುಳಿನ ಅಮಿಗ್ಡಲಾ ಅನ್ನುವ ಬಾದಾಮಿಯಷ್ಟು ಜಾಗ ಎಚ್ಚರಗೊಳ್ಳುತ್ತದೆ. ಆ ಹೊತ್ತಿನ ನೆನಪನ್ನು ಗಟ್ಟಿಯಾಗಿ ಕೂರಿಸು ಅಂತ ಹೇಳುತ್ತದೆ. ಕಾಡಿನಲ್ಲಿ ಹುಲಿ ಕಂಡ ಜಾಗ ಮರೆಯಬಾರದಲ್ವಾ, ಅದಕ್ಕೆ ಮಾಡಿದ ಏರ್ಪಾಡು. ಆದರೆ ಅದಕ್ಕೆ ಹುಲಿ ಯಾವುದು, ಚಟ್ನಿ ಯಾವುದು ಅಂತ ಬಿಡಿಸಿ ನೋಡೋಕೆ ಪುರುಸೊತ್ತಿಲ್ಲ. ಅಲ್ಲಿದ್ದದ್ದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ.

ಇದು ನನಗೆ ಪೂರ್ತಿ ಮನಸ್ಸಿಗೆ ಹತ್ತಿದ್ದು ಚೇಳಿನಿಂದ. ನಮ್ಮ ಕೊಪ್ಪಳ, ರಾಯಚೂರು ಕಡೆಯವರಿಗೆ ಚೇಳಿನ ಬಗ್ಗೆ ಹೇಳಬೇಕಾಗಿಲ್ಲ. ಕಲ್ಲು ಎತ್ತಿದರೆ ಇರುತ್ತದೆ. ಕೆಂಪು ಚೇಳು ಕಡಿದ ಮಗುವನ್ನು ನೋಡಿದವರಿಗೆ ಗೊತ್ತು. ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ವಾಂತಿ, ಎದೆ ಬಡಿತ ಲೆಕ್ಕ ತಪ್ಪುತ್ತದೆ. ಚೇಳಿನ ವಿಷ ಮಗುವಿನದೇ ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್‌ಗಳನ್ನು ಒಮ್ಮೆಲೇ ಕೋಡಿ ಬೀಳಿಸುತ್ತದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುವುದು ಅದರಿಂದ. ಮಹಾರಾಷ್ಟ್ರದ ಮಹಾಡ್ ಹತ್ತಿರ ಹಳ್ಳಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಅನ್ನುವ ಬಿ.ಪಿ. ಮಾತ್ರೆ ಕೊಟ್ಟು ನೋಡಿದರು. ಆ ಹಾರ್ಮೋನು ರಕ್ತನಾಳಕ್ಕೆ ತಾಕುವ ಜಾಗವನ್ನು ಈ ಮಾತ್ರೆ ಮುಚ್ಚುತ್ತದೆ. ಸಾಯುತ್ತಿದ್ದ ಮಕ್ಕಳು ಉಳಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನ ಕೈಯಲ್ಲಿದ್ದರೆ ಇನ್ನೂ ದೊಡ್ಡದು ಕೊಡುತ್ತಿದ್ದೆ.

ಇದೇ ಪ್ರಾಜೋಸಿನ್ ಮಾತ್ರೆಯನ್ನು ಅಮೆರಿಕದಲ್ಲಿ ಯುದ್ಧದಿಂದ ಬಂದ ಸೈನಿಕರ ಕೆಟ್ಟ ಕನಸಿಗೆ ಕೊಟ್ಟಿದ್ದಾರೆ ಅಂತ ಓದಿದಾಗ ನಾನು ಎದ್ದು ಕೂತೆ. ಚೇಳಿನ ಮಾತ್ರೆ, ಕನಸಿಗೆ! ಮೊದಮೊದಲ ಸಣ್ಣ ಅಧ್ಯಯನಗಳಲ್ಲಿ ಫಲ ಚೆನ್ನಾಗಿತ್ತು. 2018ರಲ್ಲಿ ಸುಮಾರು 300 ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಮಾತ್ರ ಬರೀ ಸಕ್ಕರೆ ಮಾತ್ರೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ಹಾಗಾಗಿ ಯಾರೂ ಇದನ್ನು ಓದಿ ಅಂಗಡಿಗೆ ಓಡಬೇಡಿ, ಬಿ.ಪಿ. ಇಳಿಸುವ ಮಾತ್ರೆ ಅದು. ನನಗೆ ಬೇಕಾಗಿದ್ದು ಮಾತ್ರೆಯೂ ಅಲ್ಲ. ಚೇಳು ಕಡಿದ ಮಗುವಿಗೆ ನಾವು ಯಾರಾದರೂ "ಇಷ್ಟು ಯಾಕ ಬೆವರ್ತಿ, ಗಟ್ಟಿ ಇರು" ಅನ್ನುತ್ತೇವಾ? ಅದರ ಮೈಯಲ್ಲಿ ಏರಿದ್ದೂ ನನ್ನ ಮೈಯಲ್ಲಿ ಏರಿದ್ದೂ ಒಂದೇ ಹಾರ್ಮೋನು. ಆ ಯೋಚನೆ ಬಂದ ದಿನ ಆ ಹಿರಿಯರ ಮಾತು ನನ್ನ ಹೆಗಲಿಂದ ಅರ್ಧ ಇಳಿಯಿತು.

ಇನ್ನೂ ಒಂದು ವಿಷಯ ನನ್ನನ್ನು ತುಂಬ ಹಿಡಿದು ನಿಲ್ಲಿಸಿತು. ಆಘಾತದ ನೆನಪಿನಿಂದ ವರ್ಷಗಟ್ಟಲೆ ಒದ್ದಾಡುವವರಲ್ಲಿ ಕಾರ್ಟಿಸಾಲ್ ಜಾಸ್ತಿ ಇರುತ್ತದೆ ಅಂತ ಎಲ್ಲರೂ ತಿಳಿದಿದ್ದರು. ವಿಯೆಟ್ನಾಂ ಯುದ್ಧದಿಂದ ಬಂದವರನ್ನು ಪರೀಕ್ಷಿಸಿದಾಗ 1980ರ ದಶಕದಲ್ಲಿ ಉಲ್ಟಾ ಕಂಡಿತು. ಕಡಿಮೆ ಇತ್ತು. ರೇಚಲ್ ಯೆಹುಡಾ ಅನ್ನುವ ವಿಜ್ಞಾನಿ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರಲ್ಲೂ ಇದನ್ನೇ ಕಂಡರು. ಎಲ್ಲ ಅಧ್ಯಯನಗಳಲ್ಲೂ ಹೀಗೇ ಬಂದಿಲ್ಲ. ಆದರೆ ಅವರು ಮುಂದಿಟ್ಟ ವಿವರಣೆ ನನ್ನ ಅನುಭವಕ್ಕೆ ಹತ್ತಿರ ಇದೆ. ಬ್ರೇಕ್ ಹಾಕುವ ಕಾರ್ಟಿಸಾಲ್ ಸಾಕಷ್ಟು ಇಲ್ಲದಿದ್ದರೆ ಅಡ್ರಿನಾಲಿನ್ ಕಡೆಯ ಓಟ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಡೆಯುತ್ತದೆ. ನೆನಪು ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಪಾಳಿ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಗ್ಗೆ ಏಳುವ ಹೊತ್ತಿಗೆ ಅತಿ ಜಾಸ್ತಿ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನೊಂದಿಷ್ಟು ಏರುತ್ತದೆ. ಆಮೇಲೆ ಇಳಿಯುತ್ತಾ ಇಳಿಯುತ್ತಾ ನಡುರಾತ್ರಿಗೆ ತಳ ಮುಟ್ಟುತ್ತದೆ. ನಮಗೆ ರಾತ್ರಿ ಪಾಳಿ 12 ಗಂಟೆ. ಬೆಳಗ್ಗೆ ಮನೆಗೆ ಬಂದು ಮಲಗುವ ಹೊತ್ತಿಗೆ ಮೈ ಏಳು ಏಳು ಅನ್ನುತ್ತದೆ. ಅದರ ಮೇಲೆ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲು, ತಗಡಿನ ಮನೆ, ಕರೆಂಟ್ ಇಲ್ಲ. ಏರಿದ್ದು ಇಳಿಯೋಕೆ ಮೈಗೆ ನಿದ್ದೆ ಬೇಕು, ಆ ನಿದ್ದೆಯೇ ಇಲ್ಲ. ಪೊಲೀಸರು, ಅಗ್ನಿಶಾಮಕ ದಳದವರು, ಕ್ಯಾಶುವಾಲ್ಟಿ ನರ್ಸುಗಳು, ಎಲ್ಲರದೂ ಇದೇ ಕಥೆ. ನಮ್ಮವರ ಬಗ್ಗೆ ಯಾರಾದರೂ ಏನಾದರೂ ಮಾಡಬೇಕು ಅಂದರೆ ನಾನು ಮೊದಲು ಕೇಳುವುದು ಇದನ್ನೇ. ಭಾಷಣ ಬೇಡ, ಸಾಲು ಸಾಲು ರಾತ್ರಿ ಪಾಳಿ ಬೇಡ.

ಭಾಷಣ ಅಂದೆ. ಒಂದು ಸಲ ನಮ್ಮನ್ನೆಲ್ಲ ಒಂದು ಸಭಾಂಗಣದಲ್ಲಿ ಕೂರಿಸಿದ್ದರು. ಬಂದವರು ಒಬ್ಬೊಬ್ಬರನ್ನೂ ಎಬ್ಬಿಸಿ, ನೀವು ನೋಡಿದ ಅತಿ ಕೆಟ್ಟ ಕೇಸನ್ನು ವಿವರವಾಗಿ ಹೇಳಿ, ಎಲ್ಲ ಹೊರಗೆ ಹಾಕಿ ಅಂದರು. ಅವರ ಮನಸ್ಸು ಒಳ್ಳೆಯದೇ. ನನ್ನ ಸರದಿ ಬಂದಾಗ ಹುಡುಗಿಯ ಬಗ್ಗೆ ಹೇಳಿದೆ. ಪಕ್ಕದ ತಾಲೂಕಿನ ಒಬ್ಬ ಹುಡುಗ ಸುಟ್ಟ ಗಾಯದ ಕೇಸು ಹೇಳಿದ. ಎರಡು ತಾಸಿನಲ್ಲಿ ಇಪ್ಪತ್ತು ಸಾವು ಕೇಳಿದೆ. ಆಮೇಲೆ ಊಟ, ಫೋಟೊ, ಮನೆಗೆ. ಆ ರಾತ್ರಿ ನನ್ನ ಕನಸಿನಲ್ಲಿ ಆ ಹುಡುಗನ ಕೇಸೂ ಬಂತು.

ಇದಕ್ಕೂ ಒಂದು ಚರಿತ್ರೆ ಇದೆ ಅಂತ ಆಮೇಲೆ ತಿಳಿಯಿತು. ಜೆಫ್ರಿ ಮಿಚೆಲ್ ಅನ್ನುವವರು, ತಾವೇ ಹಿಂದೆ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಕೆಲಸ ಮಾಡಿದವರು, 1983ರಲ್ಲಿ ಇಂಥ ಗುಂಪು ಮಾತುಕತೆಯ ಪದ್ಧತಿ ಶುರು ಮಾಡಿದರು. ಬಹಳ ದೇಶಗಳಿಗೆ ಹಬ್ಬಿತು. ಆಮೇಲೆ ಆಘಾತದ ಬೆನ್ನಲ್ಲೇ ಒಬ್ಬೊಬ್ಬರನ್ನೇ ಒಂದು ಸಲ ಕೂರಿಸಿ ಎಲ್ಲ ಹೇಳಿಸುವ ಕ್ರಮದ ಮೇಲಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಮುಂದಿನ ಒದ್ದಾಟವನ್ನು ಅದು ತಡೆಯುವುದಿಲ್ಲ, ಕೆಲವರಿಗೆ ತೊಂದರೆಯನ್ನೇ ಹೆಚ್ಚಿಸಬಹುದು ಅಂತ ಕಂಡಿತು. ಬಲವಂತವಾಗಿ ಹೇಳಿಸಿದರೆ ಅಡ್ರಿನಾಲಿನ್ ಮತ್ತೆ ಏರುತ್ತದೆ, ನೆನಪಿನ ಗಂಟು ಇನ್ನೊಂದು ಸುತ್ತು ಬಿಗಿಯುತ್ತದೆ ಅಂತ ನನಗೆ ಅನ್ನಿಸುತ್ತದೆ. ಹೇಳಬೇಕು ಅನ್ನಿಸಿದಾಗ, ಹೇಳಬೇಕು ಅನ್ನಿಸಿದವರ ಹತ್ತಿರ ಹೇಳೋದು ಬೇರೆ.

ಹಾಗಾದರೆ ನಮ್ಮಲ್ಲಿ ಜಾಸ್ತಿ ಜನ ಹೇಗೆ ನಿಂತಿದ್ದಾರೆ? ನಿಂತಿದ್ದಾರೆ ಅನ್ನೋದು ನಿಜ. ಜಾರ್ಜ್ ಬೊನಾನೊ ಅನ್ನುವ ಮನೋವಿಜ್ಞಾನಿ ಹೇಳುವುದು ಇದನ್ನೇ. ದೊಡ್ಡ ಆಘಾತ ಕಂಡವರಲ್ಲಿ ಬಹುಪಾಲು ಜನ ಕೆಲವು ದಿನ ಅಲ್ಲಾಡಿ ಮತ್ತೆ ತಮ್ಮ ಬದುಕಿಗೆ ಬರುತ್ತಾರೆ. ಅವರು ಏನೂ ಅನ್ನಿಸದ ಕಲ್ಲುಗಳಲ್ಲ. ಅಮೆರಿಕದ ಸೇನೆಯಲ್ಲಿ ಸೈನಿಕರನ್ನು ಸುಳ್ಳು ಸೆರೆಯಲ್ಲಿಟ್ಟು ಹಿಂಸೆಯ ವಿಚಾರಣೆ ಮಾಡುವ ಒಂದು ತರಬೇತಿ ಇದೆ. ಚಾರ್ಲ್ಸ್ ಮೋರ್ಗನ್ ಎಂಬ ವೈದ್ಯರು ಆ ಹೊತ್ತಿನಲ್ಲಿ ಅವರ ರಕ್ತ ಪರೀಕ್ಷೆ ಮಾಡಿದರು. ವಿಶೇಷ ಪಡೆಯವರಲ್ಲಿ ನ್ಯೂರೋಪೆಪ್ಟೈಡ್ ವೈ ಅನ್ನುವ, ಅಡ್ರಿನಾಲಿನ್ ಕಡೆಯ ಓಟವನ್ನು ಹಿಡಿದಿಡುವ ಒಂದು ಪದಾರ್ಥ ಬೇರೆಯವರಿಗಿಂತ ಜಾಸ್ತಿ ಏರಿತ್ತು. ಒಂದು ದಿನ ಕಳೆದ ಮೇಲೆ ಅವರದು ಮೊದಲಿನ ಮಟ್ಟಕ್ಕೆ ಬಂದಿತ್ತು. ಬೇರೆಯವರದು ಮೊದಲಿಗಿಂತ ಕೆಳಗೆ ಬಿದ್ದಿತ್ತು. ನಾನು ಆ ಒಂದು ದಿನವನ್ನೇ ಬಹಳ ಸಲ ಯೋಚಿಸಿದ್ದೇನೆ. ಅವರಿಗೂ ಎದೆ ಹೊಡೆದುಕೊಂಡಿತ್ತು. ಅವರೂ ಏರಿದ್ದರು. ಮರುದಿನ ಎಲ್ಲಿಗೆ ಮರಳಿದರು ಅನ್ನೋದರಲ್ಲಿ ವ್ಯತ್ಯಾಸ ಇತ್ತು.

ನನಗೆ ಮರಳೋಕೆ ಸಹಾಯ ಮಾಡಿದ್ದು ನಮ್ಮ ಪೈಲಟ್ ಅಣ್ಣ. ಅವರು ಈ ಯಾವುದನ್ನೂ ಓದಿದವರಲ್ಲ. ಒಂದು ದಿನ ಕೆಟ್ಟ ಕೇಸೊಂದನ್ನು ಒಪ್ಪಿಸಿ ಬಂದಾಗ ನಾನು ಕೈ ಮುಚ್ಚಿಟ್ಟುಕೊಂಡೆ. ಅವರು ನೋಡಿ, "ಮುಚ್ಚಿ ಇಡಬ್ಯಾಡ್ರಿ. ಫಾರ್ಮ್ ಆಮ್ಯಾಲೆ ಬರಿಯಾಣಂತ. ಮೊದ್ಲ ಗಾಡಿ ತೊಳ್ಯಾಣ ಬರ್ರಿ" ಅಂದರು. ತಮ್ಮ ಕೈಯನ್ನೂ ಚಾಚಿ ತೋರಿಸಿದರು. ಅವೂ ನಡುಗುತ್ತಿದ್ದವು. ಅಷ್ಟು ವರ್ಷ ಜೊತೆಗಿದ್ದರೂ ನಾನು ನೋಡಿರಲಿಲ್ಲ.

ಅಂದಿನಿಂದ ನಮ್ಮದು ಹೀಗೇ. ರೋಗಿಯನ್ನು ಒಪ್ಪಿಸಿದ ಮೇಲೆ ಆಸ್ಪತ್ರೆ ಹಿಂದಿನ ನಲ್ಲಿ ಹತ್ತಿರ ಗಾಡಿ ನಿಲ್ಲಿಸುತ್ತೇವೆ. ಅವರು ಬಕೆಟ್ ತುಂಬುತ್ತಾರೆ, ನಾನು ಸ್ಟ್ರೆಚರ್ ಇಳಿಸುತ್ತೇನೆ. ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್ ನೀರಲ್ಲಿ ನೆಲ ಒರೆಸುತ್ತೇವೆ. ಅದು ಹೇಗೂ ಮಾಡಲೇಬೇಕಾದ ಕೆಲಸ. ಮೊದಲು ದಡಬಡ ಮಾಡಿ ಓಡುತ್ತಿದ್ದೆವು. ಈಗ ಬೇರೆ ಕರೆ ಬರದಿದ್ದರೆ ಅವಸರ ಮಾಡುವುದಿಲ್ಲ. ಹತ್ತು ಹದಿನೈದು ನಿಮಿಷ. ಮಾತಾಡಬೇಕು ಅನ್ನಿಸಿದವರು ಮಾತಾಡುತ್ತಾರೆ. ಜಾಸ್ತಿ ಸಲ ಇಬ್ಬರೂ ಸುಮ್ನೆ ಇರುತ್ತೇವೆ. ಕೈ ನಡುಗುವುದು ನಿಂತ ಮೇಲೆ ಫಾರ್ಮ್ ಬರೆಯುತ್ತೇನೆ. ಆಮೇಲೆ ಚಹಾ, ಅದರ ಜೊತೆ ಅವರಿಗೆ ಮಂಡಕ್ಕಿ ಮಿರ್ಚಿ ಬೇಕೇ ಬೇಕು. ಆಘಾತದ ನಂತರ ಪಕ್ಕದಲ್ಲಿ ಜನ ಇಲ್ಲದವರೇ ಜಾಸ್ತಿ ನರಳುತ್ತಾರೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಪಕ್ಕದಲ್ಲಿ ಜನ ಅಂದರೆ ನನ್ನ ಕಣ್ಣಿಗೆ ಬರುವುದು ಆ ನಲ್ಲಿ, ಆ ಬಕೆಟ್.

ಆದರೂ ಅದು ಸಾಕಾಗಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ನಿದ್ದೆ ಬಾರದಿರೋದು, ಕೆಟ್ಟ ಕನಸು, ನೆನಪು ತರುವ ದಾರಿ ಬಿಟ್ಟು ಓಡಾಡೋದು, ಇವು ಒಂದು ತಿಂಗಳು ದಾಟಿದರೆ ವೈದ್ಯರನ್ನು ನೋಡಬೇಕು. ನನಗೆ ಎಂಟು ತಿಂಗಳು ಆಗಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿ ತಿದ್ದಿದಾಗ, ಕೆಲಸದ ಭಾಗವಾಗಿ ಮತ್ತೆ ಮತ್ತೆ ಇಂಥದ್ದಕ್ಕೆ ಒಡ್ಡಿಕೊಳ್ಳುವ ನಮ್ಮಂಥವರನ್ನೂ ಸ್ಪಷ್ಟವಾಗಿ ಸೇರಿಸಿತು. ಅಂದರೆ ಪೆಟ್ಟು ನನಗೇ ಬಿದ್ದಿರಬೇಕು ಅಂತಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ. ಎಷ್ಟೋ ರೋಗಿಗಳನ್ನು ನಾನೇ ಅಲ್ಲಿಗೆ ಹೋಗಿ ಅಂತ ಕಳಿಸಿದ್ದೆ. ನಾನು ಹೋಗೋಕೆ ನಾಲ್ಕು ಮಂಗಳವಾರ ಬೇಕಾಯಿತು. ಅಲ್ಲಿ ಸಾಲಿನಲ್ಲಿ ಕೂತಿದ್ದಾಗ ಗೋಡೆ ಮೇಲಿನ ಬೋರ್ಡು ನೋಡುತ್ತಾ ಇದ್ದೆ. ಇದೆಲ್ಲ ಶುರುವಾಗಿದ್ದು ನಮ್ಮ ಪಕ್ಕದ ಬಳ್ಳಾರಿಯಿಂದ ಅಂತ ಆಮೇಲೆ ಆ ಡಾಕ್ಟರ್ ಹೇಳಿದರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಆಸ್ಪತ್ರೆ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋಕೆ ಕಲಿಸಿದರು. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರಾಯಿತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು ಅದರ ಮೇಲೆ. ನಮ್ಮ ಬಿಸಿಲು ನಾಡಿನಿಂದ ಇಡೀ ದೇಶಕ್ಕೆ ಹೋದದ್ದು ಇದು. ಕೇಳಿ ಎದೆ ತುಂಬಿ ಬಂತು.

ಆ ಡಾಕ್ಟರ್ ನನ್ನನ್ನು ಹುಡುಗಿಯ ಬಗ್ಗೆ ಮೊದಲ ದಿನವೇ ಕೇಳಲಿಲ್ಲ. ನಿದ್ದೆ ಬಗ್ಗೆ ಕೇಳಿದರು. ಪಾಳಿ ಬಗ್ಗೆ ಕೇಳಿದರು. ಮೂರನೇ ಸಲ ಹೋದಾಗ ನಾನೇ ಹೇಳಿದೆ. ನಾಡಿ ನೋಡಿದ್ದು, ಕೈ ಬಿಡಿಸಿಕೊಂಡದ್ದು. ಅವರು, "ನಾಡಿ ಇತ್ತಾ?" ಅಂತ ಕೇಳಿದರು. ಇರಲಿಲ್ಲ ಅಂದೆ. ಉಸಿರು? ಇರಲಿಲ್ಲ ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ಅತ್ತುಬಿಟ್ಟೆ.

ವಾಸನೆಯಿಂದ ಓಡಿದಷ್ಟೂ ಅದು ಅಪಾಯ ಅಂತಲೇ ಮಿದುಳು ನಂಬುತ್ತದೆ, ಸ್ವಲ್ಪ ಸ್ವಲ್ಪ ಅದರ ಹತ್ತಿರ ನಿಲ್ಲಬೇಕು, ಏರಿದ್ದು ತಾನಾಗೇ ಇಳಿಯುವವರೆಗೆ ಅಲ್ಲೇ ಇರಬೇಕು ಅಂತ ಅವರು ಹೇಳಿಕೊಟ್ಟರು. ಮೊದಲು ಹಿತ್ತಲ ಬಾಗಿಲು. ಆಮೇಲೆ ಪಡಸಾಲೆ. ಅತ್ತೆಗೆ ಎಲ್ಲ ಹೇಳಿದೆ. ಈಗ ಅವರು ಗುರೆಳ್ಳು ಹುರಿಯುವ ಮೊದಲು "ಹುರಿತೀನವ್ವಾ" ಅಂತ ಕೂಗಿ ಹೇಳುತ್ತಾರೆ. ಕಳೆದ ತಿಂಗಳು ಒಲೆ ಪಕ್ಕ ನಿಂತಿದ್ದೆ. ನಾಡಿ ಎಣಿಸಿಕೊಂಡೆ. 124ಕ್ಕೆ ಹೋಗಿ, ಇಪ್ಪತ್ತು ನಿಮಿಷಕ್ಕೆ 88ಕ್ಕೆ ಬಂತು. ತಿಂದಿಲ್ಲ ಇನ್ನೂ.

ರಾತ್ರಿ ಹೊತ್ತು ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾವು ಊರಿಗೆಲ್ಲ 108 ಹೇಳಿಕೊಡುವವರು. ನಮ್ಮ ಫೋನಿನಲ್ಲೂ ಈ ನಂಬರ್ ಇರಲಿ.

ನಾಳೆ ಹುಣ್ಣಿಮೆ. ಹುಲಿಗೆಮ್ಮನ ದರ್ಶನಕ್ಕೆ ರಾತ್ರಿಯೆಲ್ಲ ಮಂದಿ ರಸ್ತೆ ಅಂಚಿನಲ್ಲಿ ನಡೆದು ಹೋಗುತ್ತಾರೆ, ಕತ್ತಲಲ್ಲಿ ಲಾರಿಯವರಿಗೆ ಕಾಣುವುದಿಲ್ಲ. ನನ್ನ ಜೊತೆ ಕಲಿಯೋಕೆ ಹೊಸ ಹುಡುಗಿಯೊಬ್ಬಳು ಬರುತ್ತಾಳೆ, ಇಪ್ಪತ್ತೆರಡು ವರ್ಷ. ನಿನ್ನೆ ಪೆಟ್ಟಿಗೆ ತೋರಿಸಿದೆ. ಆಂಪೂಲ್ ಎಣಿಸೋದು, ತಾರೀಕು ನೋಡೋದು ಕಲಿತಳು. ನಾಳೆ ನಲ್ಲಿ ಎಲ್ಲಿದೆ, ಬಕೆಟ್ ಎಲ್ಲಿ ಇಡುತ್ತೇವೆ ಅಂತಲೂ ತೋರಿಸಬೇಕು.